ಮಗುವಿನ ಉತ್ತರದಿಂದ ಗ್ರಂಥಾಲಯದ ಕಪಾಟಿಗೆ

ಬಿ.ಇಡಿ. ಕಾಲೇಜಿನ ಗ್ರಂಥಾಲಯಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಹೋಗುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ನಿಯೋಜಿತ ಕಾರ್ಯ ಬರೆಯುವಾಗ ಮತ್ತು ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ. ಬೋಧನಾಭ್ಯಾಸದ ವಾರಗಳಲ್ಲಿ ಅಲ್ಲಿ ಜನ ಕಡಿಮೆ. ಪಾಠಯೋಜನೆಗೆ ಪಠ್ಯಪುಸ್ತಕ, ಹಿಂದಿನ ಬ್ಯಾಚಿನವರ ರೆಕಾರ್ಡ್, ಮೊಬೈಲಿನಲ್ಲಿ ಸಿಗುವ ಒಂದೆರಡು ವೀಡಿಯೊ ಇದ್ದರೆ ಸಾಕೆಂಬುದು ರೂಢಿಯಾಗಿದೆ. ಆದರೆ ಗ್ರಂಥಾಲಯದ ಅಗತ್ಯ ಅತಿ ಹೆಚ್ಚು ಬೀಳುವುದು ಈ ವಾರಗಳಲ್ಲೇ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳನ್ನು ಶಾಲೆಗೆ ಮೀಸಲಿಟ್ಟಿವೆ. ಅದೇ ನಿಯಮಗಳು ಕಾಲೇಜಿನ ಗ್ರಂಥಾಲಯದಲ್ಲಿ ಕನಿಷ್ಠ 3000 ಪುಸ್ತಕಗಳೂ ಶಿಕ್ಷಣಕ್ಕೆ ಸಂಬಂಧಿಸಿದ 5 ನಿಯತಕಾಲಿಕೆಗಳೂ ಇರಬೇಕೆನ್ನುತ್ತವೆ. ಈ ಎರಡನ್ನೂ ಒಂದಕ್ಕೊಂದು ಜೋಡಿಸುವುದು ಹೇಗೆ ಎಂಬುದನ್ನು ವಿಜ್ಞಾನ ಬೋಧನೆಯ ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಹುಡುಕಾಟದ ಆರಂಭ ಯಾವುದು?

ಗ್ರಂಥಾಲಯಕ್ಕೆ ಹೋದಾಗ ನಾವು ಸಾಮಾನ್ಯವಾಗಿ ಕೇಳುವುದು ‘ಪ್ರಾಯೋಗಿಕ ವಿಧಾನದ ಪುಸ್ತಕ’ ಅಥವಾ ‘ರಚನಾವಾದದ ಪುಸ್ತಕ’. ಅಂದರೆ ವಿಧಾನದ ಹೆಸರಿನಿಂದ ಹುಡುಕುತ್ತೇವೆ. ಅದರಿಂದ ಪರೀಕ್ಷೆಯ ಉತ್ತರಕ್ಕೆ ಅನುಕೂಲ. ಮರುದಿನದ ತರಗತಿಗೆ ಸಿಗುವುದು ಅಲ್ಪ. ಹುಡುಕಾಟ ಮಗುವಿನ ಉತ್ತರದಿಂದ ಆರಂಭವಾಗಬೇಕು.

ಇದಕ್ಕೆ ಕಾರಣ ನಮ್ಮ ಪಾಠಯೋಜನೆಯ ನಮೂನೆಯಲ್ಲೇ ಇದೆ. ನಾವು ಬಳಸುವ ಐದು ‘ಇ’ಗಳ ಮಾದರಿಯ ಮೊದಲ ಹಂತ ತೊಡಗಿಸುವಿಕೆ. ಮಕ್ಕಳಿಗೆ ಈಗಾಗಲೇ ಏನು ಗೊತ್ತು, ಏನೆಂದುಕೊಂಡಿದ್ದಾರೆ ಎಂಬುದನ್ನು ಹೊರತರುವುದು ಅದರ ಉದ್ದೇಶ. ಕಲಿಯುವವನಿಗೆ ಮೊದಲೇ ತಿಳಿದಿರುವುದೇ ಮುಂದಿನ ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಪ್ರಭಾವಿಸುತ್ತದೆ ಎಂದು ಡೇವಿಡ್ ಆಸುಬೆಲ್ 1968ರ ತಮ್ಮ ಶೈಕ್ಷಣಿಕ ಮನೋವಿಜ್ಞಾನದ ಗ್ರಂಥದಲ್ಲಿ ಪ್ರತಿಪಾದಿಸಿದ್ದನ್ನು ನಾವು ಓದಿದ್ದೇವೆ. ಆದರೂ ಬಹಳಷ್ಟು ಪಾಠಯೋಜನೆಗಳಲ್ಲಿ ಈ ಹಂತ ಒಂದು ಚಿತ್ರ ತೋರಿಸಿ ಮೂರು ಪ್ರಶ್ನೆ ಕೇಳುವುದಕ್ಕೆ ಸೀಮಿತ. ‘ನಿರೀಕ್ಷಿತ ಉತ್ತರ’ದ ಕಾಲಮ್ಮಿನಲ್ಲಿ ಇರುವುದು ಸರಿಯುತ್ತರಗಳು ಮಾತ್ರ. ತರಗತಿಯಲ್ಲಿ ಬೇರೆ ಉತ್ತರ ಬಂದರೆ “ತಪ್ಪು, ಇನ್ಯಾರು ಹೇಳ್ತೀರಿ?” ಎಂದು ಮುಂದೆ ಹೋಗುವುದಲ್ಲದೆ ಬೇರೆ ದಾರಿ ತೋಚುವುದಿಲ್ಲ. ಆ ಉತ್ತರ ಮಗುವಿನ ತಲೆಯಲ್ಲಿ ಹಾಗೆಯೇ ಉಳಿಯುತ್ತದೆ.

ಅಂತಹ ಉತ್ತರಗಳಲ್ಲಿ ಹಲವು ಹೊಸವಲ್ಲ. ಅವನ್ನು ಬೇರೆ ಊರಿನ, ಬೇರೆ ದೇಶದ ಶಿಕ್ಷಕರೂ ಕೇಳಿದ್ದಾರೆ, ದಾಖಲಿಸಿದ್ದಾರೆ, ಏನು ಮಾಡಬಹುದೆಂದು ಪರೀಕ್ಷಿಸಿದ್ದಾರೆ. ವೈದ್ಯರಿಗೆ ರೋಗಲಕ್ಷಣಗಳ ಗ್ರಂಥ ಹೇಗೋ, ಶಿಕ್ಷಕರಿಗೆ ಈ ಸಂಶೋಧನೆ ಹಾಗೆ.

ಗಿಡಕ್ಕೆ ಆಹಾರ ಎಲ್ಲಿಂದ?

ಏಳನೆಯ ತರಗತಿಯ ‘ಸಸ್ಯಗಳಲ್ಲಿ ಪೋಷಣೆ’ ಪಾಠವನ್ನು ತೆಗೆದುಕೊಳ್ಳೋಣ. “ಗಿಡಕ್ಕೆ ಆಹಾರ ಎಲ್ಲಿಂದ ಬರುತ್ತದೆ?” ಎಂದರೆ “ಮಣ್ಣಿನಿಂದ”, “ಗೊಬ್ಬರದಿಂದ”, “ಬೇರು ಎಳೆದುಕೊಳ್ಳುತ್ತೆ ಸರ್” ಎಂಬ ಉತ್ತರಗಳು ಬರುತ್ತವೆ. ಪಾಠ ಮುಗಿದ ಮೇಲೆ ಅದೇ ಮಕ್ಕಳು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆಗ “ದೊಡ್ಡ ಮರದ ತೂಕವೆಲ್ಲ ಎಲ್ಲಿಂದ ಬಂತು?” ಎಂದು ಕೇಳಿ ನೋಡಬೇಕು. ಉತ್ತರ ಮತ್ತೆ ಮಣ್ಣಿಗೇ ಹೋಗುತ್ತದೆ.

ಈ ಉತ್ತರಕ್ಕೆ ದೊಡ್ಡ ಸಂಶೋಧನಾ ಇತಿಹಾಸವಿದೆ. ರೋಸಲಿಂಡ್ ಡ್ರೈವರ್ ಮತ್ತು ಸಂಗಡಿಗರ ‘ಮೇಕಿಂಗ್ ಸೆನ್ಸ್ ಆಫ್ ಸೆಕೆಂಡರಿ ಸೈನ್ಸ್’ (1994) ಪ್ರೌಢಶಾಲಾ ವಿಜ್ಞಾನದ ಒಂದೊಂದು ವಿಷಯದಲ್ಲೂ ಮಕ್ಕಳ ಕಲ್ಪನೆಗಳ ಬಗ್ಗೆ ನಡೆದ ಅಧ್ಯಯನಗಳ ಸಾರವನ್ನು ಒಟ್ಟುಗೂಡಿಸಿದ ಪುಸ್ತಕ. ಸಸ್ಯಪೋಷಣೆಯ ಬಗೆಗಿನ ಸಂಶೋಧನೆಯಿಂದ ಎರಡು ಅಂಶ ತಿಳಿಯುತ್ತವೆ. ಮೊದಲನೆಯದು, ಹೊರಗಿನಿಂದ ಒಳಗೆ ಹೋಗುವುದೆಲ್ಲವೂ ಮಕ್ಕಳಿಗೆ ‘ಆಹಾರ’. ಆದ್ದರಿಂದ ನೀರು, ಖನಿಜ, ಗೊಬ್ಬರ ಎಲ್ಲವೂ ಆಹಾರವೇ. ಎರಡನೆಯದು, ಕಣ್ಣಿಗೆ ಕಾಣದ, ತೂಕವಿಲ್ಲವೆನಿಸುವ ಅನಿಲದಿಂದ ಗಟ್ಟಿಯಾದ ಮರ ಆಗುತ್ತದೆಂದು ಒಪ್ಪುವುದು ಅವರಿಗೆ ಕಷ್ಟ.

ಜೇಮ್ಸ್ ವ್ಯಾಂಡರ್ಸಿ 1986ರಲ್ಲಿ ‘ಜರ್ನಲ್ ಆಫ್ ರಿಸರ್ಚ್ ಇನ್ ಸೈನ್ಸ್ ಟೀಚಿಂಗ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ನೋಡುತ್ತದೆ. ವಿಜ್ಞಾನದ ಇತಿಹಾಸ ಗೊತ್ತಿದ್ದರೆ ಮಕ್ಕಳ ತಪ್ಪು ಕಲ್ಪನೆಗಳನ್ನು ಮೊದಲೇ ಊಹಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಸಸ್ಯಗಳು ಮಣ್ಣಿನಿಂದಲೇ ಆಹಾರ ಪಡೆಯುತ್ತವೆಂಬುದು ಪ್ರಾಚೀನ ಗ್ರೀಸಿನಿಂದ ಬಂದ ನಂಬಿಕೆ. ವ್ಯಾನ್ ಹೆಲ್ಮಾಂಟ್ ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು, 5 ವರ್ಷ ನೀರೆರೆದು ತೂಗಿದಾಗ ಮರ ಸುಮಾರು 169 ಪೌಂಡ್ ಆಗಿತ್ತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. 1648ರಲ್ಲಿ, ಅವನ ಮರಣಾನಂತರ, ಇದು ಪ್ರಕಟವಾಯಿತು. ತೂಕವೆಲ್ಲ ನೀರಿನಿಂದ ಬಂತೆಂಬ ಅವನ ತೀರ್ಮಾನವೂ ಪೂರ್ತಿ ಸರಿಯಲ್ಲ. ಬೆಳಕಿನ ಪಾತ್ರವನ್ನು ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ. ಹೀಗಿರುವಾಗ ನಮ್ಮ ವಿದ್ಯಾರ್ಥಿಯ “ಮಣ್ಣಿನಿಂದ” ಎಂಬ ಉತ್ತರ ದಡ್ಡತನವಲ್ಲ; ವಿಜ್ಞಾನವೇ ಶತಮಾನಗಳ ಕಾಲ ನಿಂತಿದ್ದ ಜಾಗ.

ಇಷ್ಟನ್ನು ಓದಿದರೆ ಪಾಠಯೋಜನೆ ಮೂರು ಕಡೆ ಬದಲಾಗುತ್ತದೆ. ತೊಡಗಿಸುವಿಕೆಯಲ್ಲಿ ಎಲೆಯ ಚಿತ್ರದ ಬದಲು ವ್ಯಾನ್ ಹೆಲ್ಮಾಂಟನ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮಣ್ಣು ಎಷ್ಟು ಕಡಿಮೆಯಾಗಿರಬಹುದೆಂದು ಮಕ್ಕಳಿಂದ ಊಹೆ ಬರೆಸಬಹುದು. ಅನ್ವೇಷಣೆಯಲ್ಲಿ ಗಾಳಿಗೂ ತೂಕವಿದೆ ಎಂಬ ಪ್ರಯೋಗ ಸೇರುತ್ತದೆ: ಫುಟ್‌ಬಾಲನ್ನು ತೂಗಿ, ಪಂಪಿನಿಂದ ಬಿಗಿಯಾಗಿ ಗಾಳಿ ತುಂಬಿ ಮತ್ತೆ ತೂಗುವುದು, ಒಂದೆರಡು ಗ್ರಾಂ ವ್ಯತ್ಯಾಸ ತೋರುವ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ವಿವರಣೆಯಲ್ಲಿ ‘ಆಹಾರ’, ‘ಪೋಷಕಾಂಶ’, ‘ಗೊಬ್ಬರ’ ಈ ಮೂರು ಪದಗಳನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕಪಾಟಿನಲ್ಲಿ ಎಲ್ಲಿ?

ಡ್ಯೂಯಿ ದಶಮಾಂಶ ವರ್ಗೀಕರಣ ಅನುಸರಿಸುವ ಗ್ರಂಥಾಲಯಗಳಲ್ಲಿ ಶಿಕ್ಷಣದ ಪುಸ್ತಕಗಳು 370ರಲ್ಲಿ ಇರುತ್ತವೆ. ನಾವು ನೇರವಾಗಿ ಹೋಗುವುದು ಅಲ್ಲಿಗೇ. ಆದರೆ ವಿಷಯಬೋಧನೆಯ ಪುಸ್ತಕಗಳು ಆಯಾ ವಿಷಯದ ಸಂಖ್ಯೆಯಲ್ಲಿ ಸೇರಿರುತ್ತವೆ. ವಿಜ್ಞಾನ ಶಿಕ್ಷಣ 507, ಗಣಿತ ಶಿಕ್ಷಣ 510.7, ಭೌತವಿಜ್ಞಾನ ಶಿಕ್ಷಣ 530.07, ರಸಾಯನವಿಜ್ಞಾನ ಶಿಕ್ಷಣ 540.7. ಪ್ರಾಥಮಿಕ ಹಂತದ ವಿಜ್ಞಾನ ಮಾತ್ರ 372.35ರಲ್ಲಿ, ಅಂದರೆ ಶಿಕ್ಷಣದ ಸಾಲಿನಲ್ಲೇ ಇರುತ್ತದೆ. 370ರ ಕಪಾಟನ್ನು ಮಾತ್ರ ನೋಡಿ ‘ನಮ್ಮ ವಿಷಯದ್ದು ಏನೂ ಇಲ್ಲ’ ಎಂದು ಹಿಂತಿರುಗುವ ಮೊದಲು ಈ ಸಂಖ್ಯೆಗಳನ್ನು ಗ್ರಂಥಪಾಲಕರ ಬಳಿ ಕೇಳಬೇಕು.

ಹಳೆಯ ಕಾಲೇಜುಗಳ ಆಕರ ವಿಭಾಗದಲ್ಲಿ ಎಂ.ಬಿ. ಬುಚ್ ಸಂಪಾದಿಸಿದ ಶೈಕ್ಷಣಿಕ ಸಂಶೋಧನೆಗಳ ಸಮೀಕ್ಷೆಯ ದಪ್ಪ ಸಂಪುಟಗಳು ಸಿಗುತ್ತವೆ. ಮೊದಲನೆಯದು 1974ರಲ್ಲಿ ಬರೋಡಾದಿಂದ ಬಂತು. ಮೂರನೆಯದರಿಂದ ಮುಂದಿನ ಸಂಪುಟಗಳನ್ನು ಎನ್‌ಸಿಇಆರ್‌ಟಿ ಹೊರತಂದಿತು. ಭಾರತದಲ್ಲಿ ಯಾವ ವಿಷಯದ ಮೇಲೆ ಯಾರು ಸಂಶೋಧನೆ ಮಾಡಿದ್ದಾರೆಂದು ತಿಳಿಯಲು ಇವು ಈಗಲೂ ಉಪಯುಕ್ತ. ನಿಯತಕಾಲಿಕೆಗಳ ಪೈಕಿ ಎನ್‌ಸಿಇಆರ್‌ಟಿಯ ‘ಸ್ಕೂಲ್ ಸೈನ್ಸ್’, ‘ಇಂಡಿಯನ್ ಎಜುಕೇಷನಲ್ ರಿವ್ಯೂ’, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಐ ವಂಡರ್’ ಮತ್ತು ಗಣಿತಕ್ಕೆ ಮೀಸಲಾದ ‘ಅಟ್ ರೈಟ್ ಆಂಗಲ್ಸ್’ ನೋಡಬೇಕಾದವು. ಕನ್ನಡದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಕ್ಕಳ ಪತ್ರಿಕೆಯಾದರೂ, ವಿಜ್ಞಾನವನ್ನು ಸರಳ ಕನ್ನಡದಲ್ಲಿ ಹೇಳುವ ಬಗೆಯನ್ನು ಶಿಕ್ಷಕರು ಅದರಿಂದ ಕಲಿಯಬಹುದು.

ಅಂತರಜಾಲದ ಆಕರಗಳು

ಅಮೆರಿಕದ ಶಿಕ್ಷಣ ಇಲಾಖೆಯ ‘ಎರಿಕ್’ ಎಂಬ ಸಂಗ್ರಹ ಶೈಕ್ಷಣಿಕ ಲೇಖನಗಳನ್ನು ಹುಡುಕಲು ಉಚಿತ. ಪೂರ್ಣಪಾಠ ಲಭ್ಯವಿರುವವನ್ನು ಮಾತ್ರ ತೋರಿಸುವಂತೆ ಆಯ್ಕೆ ಮಾಡಿಕೊಳ್ಳಬಹುದು. ಇಲ್ಲಿ ಹುಡುಕುವ ಪದವೇ ಮುಖ್ಯ. ‘ಫೋಟೋಸಿಂಥಸಿಸ್’ ಎಂದಷ್ಟೇ ಕೊಟ್ಟರೆ ಸಸ್ಯವಿಜ್ಞಾನವೆಲ್ಲ ಬರುತ್ತದೆ. ಅದರೊಂದಿಗೆ ‘ಮಿಸ್‌ಕನ್ಸೆಪ್ಷನ್ಸ್’ ಅಥವಾ ‘ಆಲ್ಟರ್ನೇಟಿವ್ ಕನ್ಸೆಪ್ಷನ್ಸ್’ ಸೇರಿಸಿದರೆ ಮಕ್ಕಳ ಕಲ್ಪನೆಗಳ ಮೇಲಿನ ಲೇಖನಗಳು ಬರುತ್ತವೆ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ, ಕರ್ನಾಟಕದ ಪ್ರೌಢಶಾಲೆಗಳಲ್ಲಿ ನಡೆದ ಅಧ್ಯಯನಗಳೂ ಇವೆ. ಪ್ರಬಂಧ ಪೂರ್ತಿ ಓದಲು ಸಮಯವಿಲ್ಲದಿದ್ದರೆ ಕೊನೆಯ ಅನುಬಂಧ ತೆರೆಯಬೇಕು. ಸಂಶೋಧಕರು ಬಳಸಿದ ಪರೀಕ್ಷಾ ಪತ್ರಿಕೆ ಸಾಮಾನ್ಯವಾಗಿ ಅಲ್ಲಿರುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1974ರಲ್ಲಿ ಆರಂಭವಾದ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಪ್ರಕಟಣೆಗಳು ಭಾರತೀಯ ಮಕ್ಕಳ ವಿಜ್ಞಾನ ಮತ್ತು ಗಣಿತ ಕಲಿಕೆಯ ಬಗ್ಗೆ ಆಧಾರಯೋಗ್ಯ. ಇಂಗ್ಲಿಷ್ ಓದು ಕಷ್ಟವೆನಿಸುವವರಿಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ದಲ್ಲಿ ಶೈಕ್ಷಣಿಕ ಬರಹಗಳ ಕನ್ನಡ ಅನುವಾದಗಳಿವೆ.

ಸಂಶೋಧನಾ ಲೇಖನ ಓದುವ ಕ್ರಮ

ಸಂಶೋಧನಾ ಲೇಖನ ಎಂದೊಡನೆ ಸಂಖ್ಯಾಶಾಸ್ತ್ರದ ಕೋಷ್ಟಕಗಳು ಕಣ್ಣಮುಂದೆ ಬಂದು ಹಿಂಜರಿಕೆಯಾಗುತ್ತದೆ. ಶಿಕ್ಷಕರ ಓದಿನ ಕ್ರಮ ಬೇರೆ ಇರಬಹುದು. ಮೊದಲು ಸಾರಾಂಶ. ನಂತರ ಮಾದರಿ ಯಾವುದು: ಯಾವ ದೇಶ, ಎಷ್ಟು ವಯಸ್ಸು, ಎಷ್ಟು ಮಕ್ಕಳು. ಆಮೇಲೆ ಮಕ್ಕಳಿಗೆ ಕೇಳಿದ ಪ್ರಶ್ನೆ ಮತ್ತು ಅವರು ಕೊಟ್ಟ ಉತ್ತರಗಳು. ಪಾಠಯೋಜನೆಗೆ ನೇರವಾಗಿ ಒದಗುವುದು ಈ ಭಾಗ. ಕೊನೆಗೆ ಚರ್ಚೆ ಮತ್ತು ತೀರ್ಮಾನ. ಕೋಷ್ಟಕಗಳನ್ನು ಎರಡನೆಯ ಓದಿಗೆ ಇಟ್ಟುಕೊಳ್ಳಬಹುದು.

ಓದಿದ್ದನ್ನು ಹಾಗೆಯೇ ನಂಬಬೇಕಿಲ್ಲ. ಇಂಗ್ಲೆಂಡಿನ ಮಕ್ಕಳಲ್ಲಿ ಕಂಡದ್ದು ನಮ್ಮ ತಾಲ್ಲೂಕಿನ ಶಾಲೆಯಲ್ಲೂ ಇದೆಯೇ ಎಂದು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ನೋಡಬೇಕು. ಸ್ಟೀಫನ್ ಕೋರಿ 1953ರ ತಮ್ಮ ಪುಸ್ತಕದಲ್ಲಿ ಕ್ರಿಯಾ ಸಂಶೋಧನೆಯನ್ನು ಶಿಕ್ಷಕರ ಕೆಲಸವೆಂದು ಮುಂದಿಟ್ಟದ್ದು ಇದೇ ಅರ್ಥದಲ್ಲಿ: ಶಾಲೆಯ ಸಮಸ್ಯೆಯನ್ನು ಶಾಲೆಯಲ್ಲಿರುವವರೇ ವ್ಯವಸ್ಥಿತವಾಗಿ ಪರೀಕ್ಷಿಸಿ ನೋಡುವುದು.

ಗ್ರಂಥಾಲಯಕ್ಕೆ ನಾವು ಕೊಡಬಹುದಾದದ್ದು

ಇಲ್ಲಿ ಒಂದು ಕೊರತೆಯನ್ನು ಗಮನಿಸಬೇಕು. ಹೊಲಕ್ಕೆ ಗೊಬ್ಬರ ಹೇರುವ ಮನೆಯ ಮಗುವಿಗೆ ಗೊಬ್ಬರವೆಂದರೆ ಬೆಳೆಯ ಊಟ. ಅಪ್ಪ, ಅಜ್ಜ ಆಡುವ ಮಾತು ಅದೇ. ಇಳುವರಿ ಹೆಚ್ಚುವುದನ್ನು ಅದು ಕಣ್ಣಾರೆ ಕಂಡಿದೆ. ಆ ಅನುಭವವನ್ನು ಅಲ್ಲಗಳೆಯದೆ ಗೊಬ್ಬರದ ನಿಜವಾದ ಕೆಲಸವನ್ನು ಹೇಗೆ ವಿವರಿಸುವುದು ಎಂಬುದಕ್ಕೆ ವ್ಯಾಂಡರ್ಸಿಯ ಲೇಖನದಲ್ಲಿ ಉತ್ತರವಿಲ್ಲ, ಇರಲೂ ಸಾಧ್ಯವಿಲ್ಲ. ಅದನ್ನು ಬರೆಯಬೇಕಾದವರು ಇಂತಹ ತರಗತಿಗಳಲ್ಲಿ ನಿಂತು ಪಾಠ ಮಾಡುವವರು.

ಪ್ರತಿ ಬ್ಯಾಚಿನ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದಲ್ಲಿ ಇಂತಹ ಉತ್ತರಗಳನ್ನು ನೂರಾರು ಬಾರಿ ಕೇಳುತ್ತಾರೆ. ಅವು ಎಲ್ಲಿಯೂ ದಾಖಲಾಗುವುದಿಲ್ಲ. ಕ್ರಿಯಾ ಸಂಶೋಧನೆಯ ವರದಿಗಳು ಅಂಕ ಪಡೆದ ಮೇಲೆ ಕಟ್ಟಿನಲ್ಲಿ ಸೇರುತ್ತವೆ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಗ್ರಂಥಾಲಯದಲ್ಲಿ ವಿಷಯಕ್ಕೊಂದು ದಪ್ಪ ರಿಜಿಸ್ಟರ್ ಇಡುವುದು. ತರಗತಿ, ಘಟಕ, ಕೇಳಿದ ಪ್ರಶ್ನೆ, ಮಗು ಆಡಿದ ಮಾತು ಅದರದೇ ನುಡಿಯಲ್ಲಿ, ಶಿಕ್ಷಕರು ಏನು ಮಾಡಿದರು, ಆಮೇಲೆ ಮಗು ಏನೆಂದಿತು: ಈ ಆರು ಕಾಲಮ್ಮುಗಳು ಸಾಕು. ಮಗುವಿನ ಹೆಸರು, ಶಾಲೆಯ ಹೆಸರು ಬೇಡ. ಬೋಧನಾಭ್ಯಾಸ ಮುಗಿಸಿ ಬಂದ ಪ್ರತಿಯೊಬ್ಬರೂ ಕನಿಷ್ಠ ಐದು ನಮೂದು ಮಾಡಲಿ. ವಿಧಾನ ಬೋಧಕರು ವರ್ಷಕ್ಕೊಮ್ಮೆ ಅವನ್ನು ಘಟಕವಾರು ವಿಂಗಡಿಸಲಿ. ನೂರು ಜನರ ಬ್ಯಾಚಿಗೆ ವರ್ಷಕ್ಕೆ ಐನೂರು ನಮೂದು.

ಮುಂದಿನ ಬ್ಯಾಚಿನವರು ಪಾಠಯೋಜನೆ ಬರೆಯಲು ಕುಳಿತಾಗ ‘ನಿರೀಕ್ಷಿತ ಉತ್ತರ’ದ ಕಾಲಮ್ಮಿಗೆ ಆಗ ಆಧಾರವಿರುತ್ತದೆ. ಮಕ್ಕಳು ಏನು ಹೇಳಬೇಕು ಎಂಬುದರ ಜೊತೆಗೆ ಏನು ಹೇಳುತ್ತಾರೆ ಎಂಬುದನ್ನೂ ಅಲ್ಲಿ ಬರೆಯಬಹುದು.