ಥೈರಾಯ್ಡ್: ಅಯೋಡಿನ್ ಹಾರ್ಮೋನಾಗುವ ಬಗೆ

ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ತುಸು ಕೆಳಗೆ, ಶ್ವಾಸನಾಳಕ್ಕೆ ಅಂಟಿಕೊಂಡಿರುವ ಗ್ರಂಥಿ ಥೈರಾಯ್ಡ್. ವಯಸ್ಕರಲ್ಲಿ ಇದರ ತೂಕ ಸುಮಾರು 20 ಗ್ರಾಂ. ಎದೆಬಡಿತ, ಮೈಶಾಖ, ಕರುಳಿನ ಚಲನೆ, ಮಗುವಿನ ಮಿದುಳಿನ ಬೆಳವಣಿಗೆ ಎಲ್ಲಕ್ಕೂ ಇದರ ಹಾರ್ಮೋನುಗಳು ಬೇಕು.

ಗ್ರಂಥಿಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿವೆ. ಒಂದೊಂದು ಗುಳ್ಳೆಯ ಗೋಡೆಯೂ ಜೀವಕೋಶಗಳ ಒಂದೇ ಪದರ. ಒಳಗೆ ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನಿನಿಂದ ಕೂಡಿದ ಮಂದ ದ್ರವ. ಆಹಾರದಿಂದ ರಕ್ತಕ್ಕೆ ಸೇರಿದ ಅಯೋಡಿನ್ ಅತ್ಯಲ್ಪ. ಗೋಡೆಯ ಕೋಶಗಳು ಅದನ್ನು ಸೋಡಿಯಂ ಜೊತೆಗೆ ಒಳಗೆಳೆದುಕೊಂಡು, ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಸಾಂದ್ರವಾಗಿ ಕೂಡಿಡುತ್ತವೆ. ಬಳಿಕ ಪೆರಾಕ್ಸಿಡೇಸ್ ಎಂಬ ಕಿಣ್ವ ಆ ಅಯೋಡಿನ್ನನ್ನು ಥೈರೋಗ್ಲಾಬ್ಯುಲಿನ್ನಿನಲ್ಲಿರುವ ಟೈರೊಸಿನ್ ಘಟಕಗಳಿಗೆ ಜೋಡಿಸುತ್ತದೆ. ಕೆಲವಕ್ಕೆ ಒಂದು ಪರಮಾಣು, ಕೆಲವಕ್ಕೆ ಎರಡು. ಎರಡೆರಡು ಹೊತ್ತ ಜೋಡಿ ಕೂಡಿದರೆ ಟಿ4, ಒಂದು ಮತ್ತು ಎರಡು ಕೂಡಿದರೆ ಟಿ3. ಇವೇ ಥೈರಾಯ್ಡ್ ಹಾರ್ಮೋನುಗಳು. ಬೇರೆ ಯಾವ ಅಂತಃಸ್ರಾವಕ ಗ್ರಂಥಿಯೂ ತನ್ನ ಹಾರ್ಮೋನನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದಿಲ್ಲ: ಇಲ್ಲಿನ ದಾಸ್ತಾನು ಎರಡು ಮೂರು ತಿಂಗಳಿಗೆ ಸಾಲುತ್ತದೆ.

ದಾಸ್ತಾನಿನಿಂದ ಬಿಡುಗಡೆಗೆ ಅಪ್ಪಣೆ ಬರುವುದು ಪಿಟ್ಯುಟರಿ ಗ್ರಂಥಿಯ ಟಿಎಸ್‌ಎಚ್ ಎಂಬ ಹಾರ್ಮೋನಿನಿಂದ. ಹೊರಬೀಳುವುದರಲ್ಲಿ ಹೆಚ್ಚಿನದು ಟಿ4. ಯಕೃತ್ತು, ಮೂತ್ರಪಿಂಡ ಮುಂತಾದೆಡೆ ಅದು ಒಂದು ಅಯೋಡಿನ್ ಕಳಚಿಕೊಂಡು ಹೆಚ್ಚು ಚುರುಕಾದ ಟಿ3 ಆಗುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ತಗ್ಗಿದರೆ ಟಿಎಸ್‌ಎಚ್ ಏರುತ್ತದೆ, ಹೆಚ್ಚಿದರೆ ಇಳಿಯುತ್ತದೆ. ರಕ್ತಪರೀಕ್ಷೆಯಲ್ಲಿ ಮೊದಲು ಟಿಎಸ್‌ಎಚ್ ನೋಡುವುದು ಇದಕ್ಕಾಗಿಯೇ.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅಷ್ಟೂ ಸಿಗದಿದ್ದರೆ ಟಿಎಸ್‌ಎಚ್ ಒತ್ತಡಕ್ಕೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋದ ಹಿಮಾಲಯದ ತಪ್ಪಲಲ್ಲಿ ಇದು ತಲೆಮಾರುಗಳಿಂದ ಕಾಡಿತ್ತು. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರೀ ಉಪ್ಪನ್ನೂ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಮೊದಲ ಎರಡರಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇಷ್ಟು ಅಗ್ಗದಲ್ಲಿ ಇಷ್ಟು ಜನರಿಗೆ ಒಳಿತು ಮಾಡಿದ ಸಂಶೋಧನೆಗಳು ವಿರಳ.

ಅಯೋಡಿನ್ ಸಾಕಷ್ಟಿದ್ದರೂ ದೇಹದ ರೋಗನಿರೋಧಕ ವ್ಯವಸ್ಥೆ ಗ್ರಂಥಿಯ ಮೇಲೆ ತಿರುಗಿಬೀಳಬಹುದು. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವರ್ಣಿಸಿದ ಕಾಯಿಲೆಯಲ್ಲಿ ಗ್ರಂಥಿ ಕ್ರಮೇಣ ಹಾಳಾಗುತ್ತದೆ. ಸುಸ್ತು, ಮಲಬದ್ಧತೆ, ಒಣಚರ್ಮ, ಚಳಿ ತಡೆಯಲಾಗದಿರುವಿಕೆ ಕಾಣಿಸುತ್ತವೆ. ಗ್ರೇವ್ಸ್ ಕಾಯಿಲೆಯಲ್ಲಿ ಪ್ರತಿಕಾಯಗಳು ಟಿಎಸ್‌ಎಚ್‌ನಂತೆಯೇ ಗ್ರಂಥಿಯನ್ನು ಕೆರಳಿಸುತ್ತವೆ: ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಕೆಲವರಲ್ಲಿ ಕಣ್ಣುಗುಡ್ಡೆ ಮುಂದೆ ಬರುತ್ತದೆ. ಇದಕ್ಕೆ ಹಾರ್ಮೋನು ತಗ್ಗಿಸುವ ಮಾತ್ರೆ, ವಿಕಿರಣಶೀಲ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆ ಇದೆ.

ತಡಮಾಡಲೇಬಾರದ ಸ್ಥಿತಿ ಹುಟ್ಟಿನಿಂದಲೇ ಬರುವ ಹಾರ್ಮೋನು ಕೊರತೆ. ಶಿಶು ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಮಿದುಳು ಮಾತ್ರ ಹಿಂದುಳಿಯುತ್ತ ಹೋಗುತ್ತದೆ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಇದು ಪತ್ತೆಯಾಗುತ್ತದೆ. ಎರಡು ವಾರದೊಳಗೆ ಲೆವೊಥೈರಾಕ್ಸಿನ್ ಎಂಬ ಹಾರ್ಮೋನು ಮಾತ್ರೆ ಶುರುಮಾಡಿದರೆ ಸಾಮಾನ್ಯವಾಗಿ ಬುದ್ಧಿ ಸಹಜವಾಗಿಯೇ ಬೆಳೆಯುತ್ತದೆ. ದೊಡ್ಡವರ ಕೊರತೆಗೂ ಇದೇ ಮಾತ್ರೆ. ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು, ಕಾಫಿ ಕನಿಷ್ಠ ಅರ್ಧ ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು.