ನಿಮಗಿದು ಗೊತ್ತೇ? ಒಂದು ಲೀಟರ್ ಹಾಲಿನ ನೀರು–ಮೇವಿನ ಲೆಕ್ಕ

ಹಾಲಿನ ದರ ಏರಿದರೆ ಊರೆಲ್ಲ ಮಾತಾಡುತ್ತದೆ. ಆ ಹಾಲಿಗೆ ನೀರು ಎಲ್ಲಿಂದ ಬಂತು, ಮೇವು ಯಾರ ಹೊಲದ್ದು ಎಂಬ ಮಾತು ಏಳುವುದು ಮಾತ್ರ ಬರಗಾಲದಲ್ಲಿ. ಹಸು ಕಟ್ಟಿದವರಿಗೂ ಹಾಲು ಕೊಳ್ಳುವವರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಕೆಚ್ಚಲಿನೊಳಗೆ

● ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಎಮ್ಮೆ ಹಾಲಿನಲ್ಲಿ ಇದು 82–83. ಯಾರೂ ಬೆರೆಸದೆ, ಹಸುವೇ ತನ್ನ ಮೈಯಿಂದ ಕೊಡುವ ನೀರು ಇದು.

● ಒಂದು ಲೀಟರ್ ಹಾಲು ಕೂಡಿಬರಲು ಕೆಚ್ಚಲಿನ ಮೂಲಕ 400ರಿಂದ 500 ಲೀಟರ್ ರಕ್ತ ಹರಿಯಬೇಕು. ಹತ್ತು ಲೀಟರ್ ಕರೆಯುವ ಹಸುವಿನ ಕೆಚ್ಚಲಿನಲ್ಲಿ ದಿನಕ್ಕೆ ನಾಲ್ಕೈದು ಸಾವಿರ ಲೀಟರ್ ರಕ್ತ ಸುತ್ತುತ್ತದೆ. ಇರುವ ರಕ್ತವೇ ಮತ್ತೆ ಮತ್ತೆ ಬಂದು ಹೋಗುತ್ತದೆ.

● ಹಾಲು ಎಷ್ಟು ಲೀಟರ್ ಆಗಬೇಕೆಂದು ತೀರ್ಮಾನಿಸುವುದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಕೆಚ್ಚಲಿನಲ್ಲಿ ಲ್ಯಾಕ್ಟೋಸ್ ತಯಾರಾದಷ್ಟೂ ಅದು ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಈ ಸಕ್ಕರೆಗೆ ಮೂಲ ಮೇವು. ಅದು ಎಳೆದುಕೊಳ್ಳುವುದು ಹಸು ಕುಡಿದ ನೀರು. ಎರಡರಲ್ಲಿ ಯಾವುದು ಕಡಿಮೆಯಾದರೂ ಹಾಲು ಇಳಿಯುತ್ತದೆ.

● ಮೊದಲ ಧಾರೆಯ ಹಾಲು ತೆಳು, ಕೊನೆಯ ಧಾರೆಯದು ಗಟ್ಟಿ. ಜಿಡ್ಡು ಹೆಚ್ಚಾಗಿ ಇರುವುದು ಕೊನೆಯಲ್ಲಿ. ಪೂರ್ತಿ ಕರೆಯದೆ ಎದ್ದರೆ ಡೇರಿಯಲ್ಲಿ ಫ್ಯಾಟ್ ಕಡಿಮೆ ಬರುತ್ತದೆ.

● ಹಸುವಿನ ತುಪ್ಪಕ್ಕೆ ಹಳದಿ ಬಣ್ಣ ಬರುವುದು ಹಸಿ ಮೇವಿನಲ್ಲಿರುವ ಕ್ಯಾರೊಟಿನ್‌ನಿಂದ. ಎಮ್ಮೆ ಅದನ್ನು ತನ್ನ ದೇಹದಲ್ಲೇ ವಿಟಮಿನ್ ‘ಎ’ ಆಗಿ ಬದಲಿಸಿಕೊಳ್ಳುವುದರಿಂದ ಅದರ ಬೆಣ್ಣೆ, ತುಪ್ಪ ಬಿಳಿ.

ಕುಡಿಯುವ ನೀರು

● ಒಂದು ಲೀಟರ್ ಹಾಲಿಗೆ ಹಸು ಮೂರರಿಂದ ಐದು ಲೀಟರ್ ನೀರು ಕುಡಿಯಬೇಕು. ಕರೆಯುವ ಸೀಮೆಹಸುವಿಗೆ ದಿನಕ್ಕೆ 60ರಿಂದ 100 ಲೀಟರ್ ಬೇಕಾಗುವುದು ಸಾಮಾನ್ಯ. ಬೇಸಿಗೆಯಲ್ಲಿ ಇನ್ನೂ ಹೆಚ್ಚು.

● ಬಾಯಾರಿದ ಹಸು ಒಂದು ನಿಮಿಷದಲ್ಲಿ ಹತ್ತಿಪ್ಪತ್ತು ಲೀಟರ್ ನೀರು ಹೀರಬಲ್ಲದು. ಹೆಚ್ಚು ಕುಡಿಯುವುದು ಹಾಲು ಕರೆದ ಮೇಲೆ ಮತ್ತು ಮೇವು ತಿಂದ ಮೇಲೆ. ಆ ಹೊತ್ತಿಗೆ ತೊಟ್ಟಿ ಖಾಲಿಯಿದ್ದರೆ ಮರುದಿನದ ಕ್ಯಾನ್‌ನಲ್ಲಿ ಅದು ಕಾಣುತ್ತದೆ.

● ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಒಣಹುಲ್ಲಿನಲ್ಲಿ ನೂರಕ್ಕೆ ಹತ್ತು. ಬೇಸಿಗೆಯಲ್ಲಿ ಹಸಿ ಮೇವು ಮುಗಿದು ಒಣಮೇವಿಗೆ ತಿರುಗಿದಾಗ ಹಸುವಿನ ಕುಡಿಯುವ ನೀರಿನ ಬೇಡಿಕೆ ತಾನಾಗಿ ಏರುತ್ತದೆ. ಊರಿನ ಕೊಳವೆಬಾವಿ ಬತ್ತುವುದೂ ಅದೇ ತಿಂಗಳಲ್ಲಿ.

● ಎಚ್‌.ಎಫ್. ತಳಿಯ ಹಸು ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಸೆಕೆಯ ಒತ್ತಡಕ್ಕೆ ಸಿಲುಕಲಾರಂಭಿಸುತ್ತದೆ. ಮೇವು ಕಡಿಮೆ ತಿನ್ನುತ್ತದೆ, ನೀರು ಹೆಚ್ಚು ಕುಡಿಯುತ್ತದೆ, ಹಾಲು ಇಳಿಸುತ್ತದೆ. ಮೇವು ಹೊಟ್ಟೆಯಲ್ಲಿ ಹುದುಗುವಾಗಲೂ ಶಾಖ ಹುಟ್ಟುವುದರಿಂದ ಬಿರುಬೇಸಿಗೆಯಲ್ಲಿ ಒಣಹುಲ್ಲನ್ನು ರಾತ್ರಿಯ ತಂಪಿನಲ್ಲಿ ಹಾಕುವುದು ಒಳ್ಳೆಯದು.

ನಾಲ್ಕು ಕೋಣೆಗಳ ಹೊಟ್ಟೆ

● ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ, ಗಟ್ಟಿ ಒಸಡು ಮಾತ್ರ. ಹುಲ್ಲನ್ನು ನಾಲಿಗೆಯಿಂದ ಸುತ್ತಿ, ಕೆಳಹಲ್ಲಿಗೆ ಒತ್ತಿ ಕಿತ್ತುಕೊಳ್ಳುತ್ತದೆ.

● ದೊಡ್ಡ ಹಸುವಿನ ಮೊದಲ ಹೊಟ್ಟೆಯಲ್ಲಿ 100 ಲೀಟರ್‌ಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಮೇವನ್ನು ಒಡೆಯುವುದು ಕೋಟ್ಯಂತರ ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು. ನಮಗೆ ಜೀರ್ಣವಾಗದ ನಾರು ಹಾಲಾಗುವುದು ಇವುಗಳ ದುಡಿಮೆಯಿಂದ.

● ಹಸು ದಿನದಲ್ಲಿ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ದೊಡ್ಡ ಹಸುವಿನ ಬಾಯಲ್ಲಿ ದಿನಕ್ಕೆ ನೂರು ಲೀಟರ್‌ಗೂ ಮಿಕ್ಕಿ ಜೊಲ್ಲು ಸುರಿಯುತ್ತದೆ. ಅದರಲ್ಲಿರುವ ಸೋಡಾದ ಅಂಶ ಹೊಟ್ಟೆಯ ಹುಳಿಯನ್ನು ಹದದಲ್ಲಿಡುತ್ತದೆ.

● ಹಬ್ಬದ ಪೊಂಗಲ್, ಮದುವೆಮನೆಯಲ್ಲಿ ಉಳಿದ ಅನ್ನ ರಾಶಿಯಾಗಿ ತಿನ್ನಿಸಿದರೆ ಹಸುವಿನ ಪ್ರಾಣಕ್ಕೇ ಕುತ್ತು. ಅನ್ನ ಬೇಗ ಹುದುಗಿ ಹೊಟ್ಟೆ ಹುಳಿಯೇರುತ್ತದೆ, ಮೆಲುಕು ನಿಲ್ಲುತ್ತದೆ. ಪ್ರೀತಿಯಿಂದ ಕೊಟ್ಟದ್ದೇ ಆದರೂ ಇದು ತಪ್ಪು. ತಿಂದುಬಿಟ್ಟಿದ್ದರೆ ಕೂಡಲೇ ಪಶುವೈದ್ಯರನ್ನು ಕರೆಯಬೇಕು.

● ಹಿಂಡಿ, ಬೂಸಾ ಹೆಚ್ಚಿಸಿದರೆ ಫ್ಯಾಟ್ ಏರುತ್ತದೆ ಎಂದು ಹಲವರು ನಂಬಿದ್ದಾರೆ. ಹಾಲಿನ ಜಿಡ್ಡಿಗೆ ಬೇಕಾದ ಅಸಿಟಿಕ್ ಆಮ್ಲ ಮುಖ್ಯವಾಗಿ ಹುಟ್ಟುವುದು ನಾರಿನಿಂದ. ಹುಲ್ಲು ಕಡಿಮೆ ಮಾಡಿ ಫೀಡ್ ಸುರಿದರೆ ಫ್ಯಾಟ್ ಇಳಿಯುತ್ತದೆ.

● ಹಸುವಿನ ಮೀಥೇನ್ ಅನಿಲ ಬಹುಪಾಲು ಹೊರಬರುವುದು ತೇಗಿನಲ್ಲಿ, ಬಾಯಿಂದ. ಮೇವಿನಲ್ಲಿದ್ದ ಶಕ್ತಿಯ ನೂರಕ್ಕೆ 2ರಿಂದ 12 ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಮೇವು ಕಳಪೆಯಾದಷ್ಟೂ ಲೀಟರ್ ಹಾಲಿನ ಲೆಕ್ಕದಲ್ಲಿ ಮೀಥೇನ್ ಹೆಚ್ಚು. ಒಳ್ಳೆಯ ಮೇವಿನಿಂದ ರೈತನಿಗೂ ಲಾಭ, ಹವಾಮಾನಕ್ಕೂ ಲಾಭ.

ಗೋದಲಿಯಲ್ಲಿ

● ಸೀಮೆಹಸುವಿಗೆ ದಿನಕ್ಕೆ 20–25 ಕಿಲೋ ಹಸಿ ಮೇವು, 5–6 ಕಿಲೋ ಒಣಮೇವು, ಮೈ ಕಾಯಲು ಒಂದು–ಒಂದೂವರೆ ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ: ಇದು ರೈತರಿಗೆ ಹೇಳಿಕೊಡುವ ಸರಳ ಲೆಕ್ಕ.

● ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಹೆಚ್ಚು ಪುಷ್ಟಿಕರ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಅದರ ಆಕ್ಸಲೇಟ್ ಸುಣ್ಣದಂಶ ಮೈಗೂಡದಂತೆ ತಡೆಯುತ್ತದೆ. ಕೋಲಾರ, ತುಮಕೂರಿನ ಕಡೆ ರಾಗಿ ಬಣವೆ ಇದ್ದವರು ಬರಗಾಲದಲ್ಲೂ ಹಸು ಉಳಿಸಿಕೊಳ್ಳುವುದು ಇದರ ಬಲದಿಂದ.

● ವಿಜಯಪುರದ ಕಡೆ ಹಿಂಗಾರಿ ಜೋಳದಲ್ಲಿ ಮಾಲ್ದಂಡಿ ತಳಿ ಇಂದಿಗೂ ಉಳಿದಿರುವುದಕ್ಕೆ ರೊಟ್ಟಿಯ ರುಚಿಯಷ್ಟೇ ಕಣಿಕೆಯೂ ಕಾರಣ. ಗಿಡ್ಡ ಹೈಬ್ರಿಡ್‌ಗಳು ಕಾಳು ಹೆಚ್ಚು ಕೊಟ್ಟರೂ ದನಕ್ಕೆ ಮೇವು ಉಳಿಸಲಿಲ್ಲ.

● ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು ದನಕ್ಕೆ ವಿಷ. ನೀರಿನ ಕೊರತೆಯಲ್ಲಿ ಆ ಗಿಡದೊಳಗೆ ಹೈಡ್ರೋಸಯನಿಕ್ ಆಮ್ಲ ಬಿಡುಗಡೆ ಮಾಡುವ ವಸ್ತು ಹೆಚ್ಚುತ್ತದೆ. ಮೇಯ್ದ ಸ್ವಲ್ಪ ಹೊತ್ತಿನಲ್ಲೇ ಹಸು ಸಾಯಬಹುದು. ಹೂ ಬಿಟ್ಟ ಮೇಲೆ ಕೊಯ್ದು ಹಾಕಿದರೆ ಅಪಾಯ ತೀರಾ ಕಡಿಮೆ. ಮೇವು ಸಿಗದ ವರ್ಷದಲ್ಲೇ ಈ ಎಚ್ಚರ ಹೆಚ್ಚು ಬೇಕು.

● ಹಸಿರು ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟುವ ಹಂತದಲ್ಲಿ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿಟ್ಟರೆ ಅದು ರಸಮೇವು. ಸುಮಾರು ಒಂದೂವರೆ ತಿಂಗಳಲ್ಲಿ ತಿನ್ನಿಸಲು ಸಿದ್ಧ. ಮಳೆಗಾಲದ ನೀರನ್ನು ಬೇಸಿಗೆಯ ಹಾಲಿಗೆ ಕೂಡಿಡುವ ಅತ್ಯುತ್ತಮ ದಾರಿ ಇದು.

● ಸೀಮೆಹುಲ್ಲು ಎಂದು ನಾವು ಬೆಳೆಯುವ ನೇಪಿಯರ್ ಆಫ್ರಿಕಾ ಮೂಲದ್ದು. ನಾಟಿ ಮಾಡಿದ ಎರಡೂವರೆ ತಿಂಗಳಿಗೆ ಮೊದಲ ಕಟಾವು, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಆದರೆ ಅದಕ್ಕೆ ನೀರು ಬೇಕೇ ಬೇಕು. ನೀರಿಲ್ಲದ ಕಡೆ ಬದುವಿನ ಮೇಲೆ ಅಗಸೆ, ನುಗ್ಗೆ, ಗ್ಲಿರಿಸಿಡಿಯಾ ಮೇಲು. ಮರದ ಬೇರು ಆಳಕ್ಕಿಳಿದು ಬೇಸಿಗೆಯಲ್ಲೂ ಸೊಪ್ಪು ಕೊಡುತ್ತದೆ.

● ಭಾರತದ ಸಾಗುವಳಿ ಭೂಮಿಯಲ್ಲಿ ಮೇವಿಗೆಂದೇ ಮೀಸಲಾದದ್ದು ನೂರಕ್ಕೆ ಸುಮಾರು ನಾಲ್ಕು ಮಾತ್ರ. ಹಾಲಿನ ಉತ್ಪಾದನೆ ಹಲವು ಪಟ್ಟು ಬೆಳೆದ ದಶಕಗಳಲ್ಲಿ ಈ ಪಾಲು ಹೆಚ್ಚು ಕಡಿಮೆ ಅಲ್ಲೇ ನಿಂತಿದೆ.

ದೇಶ, ವಿದೇಶ

● ಒಂದು ವಸ್ತುವಿನ ಹಿಂದೆ ಎಷ್ಟು ನೀರು ಖರ್ಚಾಗಿದೆ ಎಂಬ ‘ನೀರ ಹೆಜ್ಜೆ’ಯ ಲೆಕ್ಕವನ್ನು 2002ರಲ್ಲಿ ಕೊಟ್ಟವರು ನೆದರ್ಲೆಂಡ್ಸ್‌ನ ಆರ್ಯನ್ ಹೂಕ್ಸ್ಟ್ರಾ. ಆ ಲೆಕ್ಕದಂತೆ ಒಂದು ಕಿಲೋ ಹಾಲಿಗೆ ಜಾಗತಿಕ ಸರಾಸರಿ ಸುಮಾರು 1,020 ಲೀಟರ್ ನೀರು. ಒಂದು ಲೋಟಕ್ಕೆ 255 ಲೀಟರ್.

● ಹಸು ಕುಡಿಯುವುದು, ಕೊಟ್ಟಿಗೆ ತೊಳೆಯುವುದು ಇದರಲ್ಲಿ ತೀರಾ ಸಣ್ಣ ಪಾಲು. ಪ್ರಾಣಿಜನ್ಯ ಆಹಾರದ ನೀರ ಹೆಜ್ಜೆಯಲ್ಲಿ ನೂರಕ್ಕೆ 98 ಪಾಲು ಮೇವು ಬೆಳೆಯಲು ಹೋಗುತ್ತದೆ. ಆ ಮೇವು ಮಳೆಯಲ್ಲಿ ಬೆಳೆಯಿತೋ ಕೊಳವೆಬಾವಿಯಲ್ಲಿ ಬೆಳೆಯಿತೋ ಎಂಬುದೇ ಮುಖ್ಯ ಪ್ರಶ್ನೆ.

● ಉತ್ತರ ಗುಜರಾತಿನ ಮೆಹ್ಸಾಣಾ, ಬನಾಸಕಾಂಠಾ ಜಿಲ್ಲೆಗಳು ಹಾಲಿಗೆ ಹೆಸರುವಾಸಿ. ಅಲ್ಲಿ ಕುದುರೆ ಮಸಾಲೆ ಸೊಪ್ಪನ್ನು ಆಳದ ಕೊಳವೆಬಾವಿಗಳಿಂದ ಬೆಳೆಯುತ್ತಾರೆ. ಅಂತರ್ಜಲ ಪಾತಾಳಕ್ಕಿಳಿದ ಊರುಗಳ ಪಟ್ಟಿಯಲ್ಲೂ ಅವೇ ಜಿಲ್ಲೆಗಳಿವೆ.

● ಸೌದಿ ಅರೇಬಿಯಾದ ಅಲ್‌ಮರಾಯ್ ಕಂಪನಿ ಮರುಭೂಮಿಯಲ್ಲಿ ಸಾಕುವ ಹಸುಗಳಿಗೆ ಮೇವು ಬೆಳೆಯಲು 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಜಮೀನು ಕೊಂಡಿತು. ನೀರು ಉಳಿಸಲು ಸೌದಿ ಮುಂದೆ ತನ್ನ ನೆಲದಲ್ಲಿ ಹಸಿ ಮೇವಿನ ಬೆಳೆಗೆ ಕಡಿವಾಣ ಹಾಕಿತು. ಅರಿಜೋನಾದ ಅಂತರ್ಜಲ ಹೀಗೆ ಹುಲ್ಲಾಗಿ ಹಡಗು ಹತ್ತುವುದಕ್ಕೆ ಅಲ್ಲಿನ ಜನ ವಿರೋಧಿಸಿದರು. 2023ರಲ್ಲಿ ಆ ರಾಜ್ಯ ಬಟ್ಲರ್ ಕಣಿವೆಯಲ್ಲಿ ಕಂಪನಿಗೆ ಕೊಟ್ಟಿದ್ದ ಸರ್ಕಾರಿ ಜಮೀನಿನ ಗುತ್ತಿಗೆಯನ್ನು ಕೊನೆಗೊಳಿಸಿತು.

● 1964ರ ಅಕ್ಟೋಬರ್ 31ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಣಂದ್‌ಗೆ ಬಂದದ್ದು ಕಂಜರಿಯಲ್ಲಿ ಅಮುಲ್‌ನ ಪಶು ಆಹಾರ ಕಾರ್ಖಾನೆ ಉದ್ಘಾಟಿಸಲು. ಆ ಭೇಟಿಯಲ್ಲಿ ಅಜರಪುರ ಎಂಬ ಹಳ್ಳಿಯಲ್ಲಿ ತಂಗಿ, ರೈತರೊಂದಿಗೆ ಮಾತಾಡಿದರು. ಮರುವರ್ಷ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟಿತು. ವರ್ಗೀಸ್ ಕುರಿಯನ್ ನೇತೃತ್ವದಲ್ಲಿ 1970ರಲ್ಲಿ ಕ್ಷೀರಕ್ರಾಂತಿ ಶುರುವಾಯಿತು.

● 1950–51ರಲ್ಲಿ ಭಾರತದ ಹಾಲಿನ ಉತ್ಪಾದನೆ ಸುಮಾರು 1.7 ಕೋಟಿ ಟನ್. 2023–24ರಲ್ಲಿ 23.9 ಕೋಟಿ ಟನ್. ಜಗತ್ತಿನ ಹಾಲಿನಲ್ಲಿ ಸುಮಾರು ಕಾಲುಭಾಗ ನಮ್ಮದು. ಜಗತ್ತಿನ ಸಿಹಿನೀರಿನಲ್ಲಿ ನಮ್ಮ ಪಾಲು ನೂರಕ್ಕೆ ನಾಲ್ಕು.

ನಮ್ಮ ರಾಜ್ಯದಲ್ಲಿ

● ಮೈಸೂರು ಅರಸರ ಕಾಲದ ದನ ಸಾಕಣೆಯ ಇಲಾಖೆ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಕಾಲದಲ್ಲಿ ‘ಅಮೃತಮಹಲ್’ ಆಯಿತು. ಅದರ ದನಗಳಿಗೆ ಮೀಸಲಾದ ಕಾವಲುಗಳನ್ನು ಹುಲ್ಲು, ನೀರು ಸಿಗುವ ಹೊತ್ತು ನೋಡಿ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿದ್ದರು.

● ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿಮ್ಮೂರಿನ ಗೋಮಾಳ ಈಗ ಎಷ್ಟು ಉಳಿದಿದೆ ಎಂದು ಪಹಣಿ ತೆಗೆಸಿ ನೋಡಿ.

● ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಆದರೂ ಹಾಲು ಮತ್ತು ರೇಷ್ಮೆಯೇ ಅಲ್ಲಿನ ಮನೆಗಳ ಆಧಾರ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಹಾಲು ಬೆಂಗಳೂರಿಗೆ ಹೋಗುತ್ತದೆ, ಬಳಸಿದ ನೀರು ಅಲ್ಲಿಂದ ಬರುತ್ತದೆ. ಆ ನೀರು ಶುದ್ಧವಾಗಿರುವಂತೆ ನೋಡಿಕೊಳ್ಳುವುದು ರಾಜಧಾನಿಯ ಋಣ.

● ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಡೇರಿ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನೊಂದಿಗೆ ರಾಜ್ಯದ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಇಂದಿನ ಕೆಎಂಎಫ್ ಬೆಳೆದದ್ದು ಅದರಿಂದ.

● 2024ರ ಜೂನ್‌ನಲ್ಲಿ ಕೆಎಂಎಫ್‌ನ ದಿನದ ಹಾಲು ಸಂಗ್ರಹ ಮೊದಲ ಬಾರಿಗೆ ಒಂದು ಕೋಟಿ ಲೀಟರ್ ಮುಟ್ಟಿತು. ಹಿಂದಿನ ವರ್ಷ ಬರ. ಈ ದಾಖಲೆ ಬಂದದ್ದು ಮಳೆ ಬಿದ್ದು ಹಸಿ ಮೇವು ಚಿಗುರಿದ ಮೇಲೆ.

● 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು. ಒಂದು ಕಿಲೋ ಪುಡಿಗೆ ಎಂಟು ಲೀಟರ್‌ಗೂ ಹೆಚ್ಚು ಹಾಲು ಬೇಕು. ಹಾಲು ಹೆಚ್ಚಾದ ತಿಂಗಳುಗಳಲ್ಲಿ ರೈತನ ಹಾಲು ವ್ಯರ್ಥವಾಗದಂತೆ ಕಾಯುವುದೂ ಈ ಪುಡಿಯೇ.

ನಮ್ಮ ಕೈಯಲ್ಲಿರುವುದು

● ತೊಟ್ಟಿಯಲ್ಲಿ ಹಗಲೂ ರಾತ್ರಿ ಶುದ್ಧ ನೀರಿರಲಿ. ಹಾಲು ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

● ಮೇವನ್ನು ಕತ್ತರಿಸಿಯೇ ಹಾಕಿ. ಇಡೀ ದಂಟು ಹಾಕಿದರೆ ಹಸು ಎಲೆ ತಿಂದು ಬುಡ ತುಳಿಯುತ್ತದೆ. ಆ ಬುಡಕ್ಕೆ ಹರಿಸಿದ ನೀರೂ ವ್ಯರ್ಥ.

● ಕೊಟ್ಟಿಗೆ ತೊಳೆದ ನೀರನ್ನು, ಗೋಬರ್ ಗ್ಯಾಸ್‌ನ ಬಗ್ಗಡವನ್ನು ಸೀಮೆಹುಲ್ಲಿನ ಮಡಿಗೆ ತಿರುಗಿಸಿ. ನೀರಿಗೆ ನೀರಾಯಿತು, ಗೊಬ್ಬರಕ್ಕೆ ಗೊಬ್ಬರ.

● ಊರಿನ ಗೋಕಟ್ಟೆಯ ಹೂಳನ್ನು ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ತೆಗೆಸಲು ಗ್ರಾಮಸಭೆಯಲ್ಲಿ ಕೇಳಿ. ದನ ನೀರು ಕುಡಿಯುತ್ತದೆ, ಸುತ್ತಲ ಬಾವಿಗಳೂ ಊರುತ್ತವೆ.

● ನಾಲ್ಕು ಹಸುವಿಗೆ ಸಾಲುವಷ್ಟು ನೀರು, ಮೇವು ಇರುವ ಮನೆಯಲ್ಲಿ ಎಂಟು ಹಸು ಕಟ್ಟಿದರೆ ಹಾಲು ಇಮ್ಮಡಿಸುವುದಿಲ್ಲ, ಸಾಲ ಇಮ್ಮಡಿಸುತ್ತದೆ. ಮೊದಲು ಬಾವಿಯ ನೀರು ಅಳೆಯಿರಿ, ಬಣವೆ ಅಳೆಯಿರಿ. ಆಮೇಲೆ ಸಂತೆಗೆ ಹೋಗಿ ಹಸು ನೋಡಿ.