ಕುದಿಯುವ ಮೋಟಾರು

ಮನುಷ್ಯನಿಗೆ ಜ್ವರ ಬಂದರೆ ಮೈಮುಟ್ಟಿ ನೋಡುವವರು ಹತ್ತು ಮಂದಿ. ಮೋಟಾರಿಗೆ ಬಂದರೆ ಮುಟ್ಟದೆಯೇ ಮದ್ದು ಹೇಳುವವರು ನೂರು ಮಂದಿ. ಈ ಮಾತು ನನಗೆ ಮನದಟ್ಟಾದದ್ದು ಹತ್ತಿಮತ್ತೂರಿನಿಂದ ಸವಣೂರಿಗೆ ಹೋಗುವ ದಾರಿಯಲ್ಲಿ, ಬಾನೆಟ್ಟು ತೆರೆದು ಉಗಿಯುಗುಳುತ್ತ ನಿಂತ ಅಂಬಾಸಿಡರಿನ ಮುಂದೆ.

ಗಾಡಿ ನನ್ನ ಸೋದರಮಾವನವರದು, 1971ರಲ್ಲಿ ಕೊಂಡದ್ದು. ಹುಟ್ಟಿನಿಂದ ಅದು ಬಂಗಾಳದ್ದು, ಕುಲದಿಂದ ವಿಲಾಯತಿಯದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯನ್ನೇ ಹಿಂದೂಸ್ಥಾನ್ ಮೋಟರ್ಸ್‌ನವರು ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಿಂದ ತಯಾರಿಸುತ್ತ ಬಂದು, 2014ರಲ್ಲಿ ನಿಲ್ಲಿಸಿದರು. ಇದರ 1489 ಸಿ.ಸಿ. ಎಂಜಿನಿನ ಒಡಹುಟ್ಟು ಎಂ.ಜಿ.ಎ. ಎಂಬ ಚೆಲುವಾದ ಸ್ಪೋರ್ಟ್ಸ್ ಕಾರಿನಲ್ಲಿಯೂ ದುಡಿದಿದೆಯೆಂದರೆ ನಮ್ಮೂರಲ್ಲಿ ಯಾರೂ ನಂಬರು.

ಮಾವನವರಿಗೆ ಈಗ ಎಂಬತ್ತನಾಲ್ಕು. ಮಗ ಗಾಡಿಯನ್ನು ಗುಜರಿಯವನಿಗೆ ತೂಕಕ್ಕೆ ಕೊಡಲು ಮಾತಾಡಿದ್ದ. ಅವರು ಬೇಡವೆನ್ನಲಿಲ್ಲ; ಸೀಗಿಹುಣ್ಣಿಮೆಗೆ ಅದರಲ್ಲಿಯೇ ಹೊಲಕ್ಕೆ ಹೋಗಿ ಚರಗ ಚೆಲ್ಲಿಬರುವೆ ಎಂದಷ್ಟೇ ಹೇಳಿದರು. ಹುಣ್ಣಿಮೆಗೆ ಉಳಿದದ್ದು ಎಂಟು ದಿನ. ಗಾಡಿಯೋ ನಾಲ್ಕು ಮೈಲಿ ಓಡುವಷ್ಟರಲ್ಲಿ ಕುದಿಯುತ್ತಿತ್ತು.

ದಾರಿಹೋಕರಲ್ಲಿ ಒಬ್ಬರು ಫ್ಯಾನ್ ಬೆಲ್ಟು ಸಡಿಲವೆಂದರು, ಇನ್ನೊಬ್ಬರು ಬಿಸಿಲೆಂದರು, ಮತ್ತೊಬ್ಬರು ಥರ್ಮೋಸ್ಟಾಟನ್ನೇ ಕಿತ್ತೊಗೆಯಿರೆಂದರು. ಅದನ್ನೂ ಮಾಡಿಸಿದೆ, ಕುದಿ ನಿಲ್ಲಲಿಲ್ಲ. ಅವಸರಕ್ಕೆ ರೇಡಿಯೇಟರಿನ ಮುಚ್ಚಳ ತಿರುವಿ ಬಲಗೈ ಸುಟ್ಟುಕೊಂಡದ್ದು ನನ್ನ ಸ್ವಂತ ಪಾಂಡಿತ್ಯದ ಫಲ. ನಮ್ಮ ಸೀಮೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳವು ಒತ್ತಡವನ್ನು ಹಿಡಿದಿರುವತನಕ ರೇಡಿಯೇಟರಿನ ನೀರು ನೂರನ್ನು ಮೀರಿದರೂ ಸುಮ್ಮನಿರುತ್ತದೆ. ತೆರೆದೊಡನೆ ಉಗಿಯಾಗಿ ಚಿಮ್ಮುತ್ತದೆ.

ಸವಣೂರಿನ ದೊಡ್ಡಹುಣಸೆ ಮರಗಳನ್ನು ವಾಚಕರು ನೋಡಿರಬಹುದು. ಆಫ್ರಿಕದ ಮೂಲದ ಆ ಮರಗಳು ಒಡಲಲ್ಲಿ ನೀರು ಹೊತ್ತು ಎಷ್ಟೋ ಬೇಸಿಗೆಗಳನ್ನು ತಣ್ಣಗೆ ಕಳೆದಿವೆ. ಅದೇ ಊರಿನ ಮುದುಕ ಮಿಸ್ತ್ರಿಯೊಬ್ಬರ ಬಳಿ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಹೋದೆವು. ಅವರು ಏನೂ ಮುಟ್ಟದೆ ಮೊದಲು ಚಹಾ ಕುಡಿದರು. ಎಂಜಿನು ತಣ್ಣಗಾಗಲಿ ಎಂಬುದು ಅದರ ಅರ್ಥ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಆಮೇಲೆ ರೇಡಿಯೇಟರಿನ ಕೆಳಗಿನ ನಲ್ಲಿ ಬಿಚ್ಚಿದರು, ನೀರು ಹರಿಯಿತು. ಎಂಜಿನಿನ ಪಕ್ಕದಲ್ಲಿದ್ದ ಇನ್ನೊಂದು ನಲ್ಲಿಯನ್ನು ಬಿಚ್ಚಿದರು. ಒಂದು ಹನಿಯೂ ಬರಲಿಲ್ಲ.

"ಸರ, ಯಾವ ನೀರ ಹಾಕ್ತೀರಿ?"

"ಬೋರಿಂದು."

"ಎಷ್ಟ ವರ್ಷ ಆತ್ರಿ?"

ನಾನು ಉತ್ತರಿಸಲಿಲ್ಲ. ಅವರು ಸೈಕಲ್ಲಿನ ಕಡ್ಡಿಯೊಂದನ್ನು ನಲ್ಲಿಯ ಕಂಡಿಗೆ ತೂರಿಸಿ ತಿವಿದರು. ಮೊದಲು ಬಂದದ್ದು ಕಾವಿಬಣ್ಣದ ಗಟ್ಟಿ ರಾಡಿ, ಅನಂತರ ಸುಣ್ಣದ ಚಕ್ಕೆಗಳು, ಕೊನೆಗೆ ನೀರು. ನೀರೊತ್ತುವ ಪಂಪು ಎಂಜಿನಿನ ಮುಂಭಾಗದಲ್ಲಿ. ನಾಲ್ಕನೆಯ ಸಿಲಿಂಡರು ತೀರ ಹಿಂದೆ. ಓಟ ಮಂದವಾದ ಆ ಮೂಲೆಯಲ್ಲಿ ತುಕ್ಕೂ ಕೆಸರೂ ವರ್ಷವರ್ಷಕ್ಕೆ ತಳಕಂಡಿದ್ದವು. ಬಚ್ಚಲ ಹಂಡೆಯ ಒಳಮೈಗೆ ಸುಣ್ಣ ಹತ್ತಿದರೆ ಎಷ್ಟು ಸೌದೆ ಒಟ್ಟಿದರೂ ನೀರು ಬೇಗ ಕಾಯದೆಂಬುದು ನಮ್ಮ ತಾಯಂದಿರಿಗೆ ಗೊತ್ತು. ಇಲ್ಲಿಯೂ ಅದೇ ಪದರ: ಕಬ್ಬಿಣದ ಕಾವು ನೀರಿಗೆ ದಾಟದೆ ಕಬ್ಬಿಣದಲ್ಲಿಯೇ ನಿಂತಿತ್ತು. ನಾವು ಹೊರಗಿನ ಬಿಸಿಲನ್ನು ಬಯ್ಯುತ್ತಿದ್ದೆವು.

ಎರಡು ದಿನ ತೊಳೆದರು. ರೇಡಿಯೇಟರನ್ನು ಕಳಚಿ ಕೆಳಗಿನಿಂದ ಮೇಲಕ್ಕೆ, ಅಂದರೆ ನೀರು ನಿತ್ಯ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ನೀರು ನುಗ್ಗಿಸಿದರು. ಜಾಲರಿಯ ಸಂದುಗಳಲ್ಲಿ ಸಿಕ್ಕಿದ್ದ ಹೊಟ್ಟನ್ನು ಬಿಡಿಸಿದರು. ಹೊಸ ಥರ್ಮೋಸ್ಟಾಟು ಕೂಡಿಸಿ, ಶುದ್ಧನೀರಿನಲ್ಲಿ ಕೂಲಂಟು ಬೆರೆಸಿ ತುಂಬಿದರು.

ಹುಣ್ಣಿಮೆಯಂದು ಮಾವನವರು ಮುಂದಿನ ಆಸನದಲ್ಲಿ ಕುಳಿತರು. ಚರಗದ ಬುಟ್ಟಿ ಹಿಂದಿನ ಸೀಟಿನಲ್ಲಿ. ಹೊಲದ ಬದುವಿನತನಕ ಒಮ್ಮೆಯೂ ನಿಲ್ಲಲಿಲ್ಲ. ಇಳಿದವರು ಎತ್ತಿನ ಮೈ ನೇವರಿಸುವಂತೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಬಳಿಕ, ಮಗ ಕೇಳುವಂತೆ ನನಗೆ ಹೇಳಿದರು:

"ಇನ್ನ ಮ್ಯಾಲ ಬೋರಿನ ನೀರ ಹಾಕಬ್ಯಾಡ ಅಂತ ಅವಗ ಹೇಳಪಾ."